ಒಬ್ಬರು ತಿದ್ದಿದ ಫೈಲನ್ನು ಇನ್ನೊಬ್ಬರು ಅಳಿಸಿದ್ದರೆ ಗಿಟ್‌ನಲ್ಲಿ ಏನು ಮಾಡಬೇಕು?

ಪ್ರಶ್ನೆ (ಕಲಬುರಗಿಯಿಂದ): ಸರ್, ಶರಣು. ಎಪಿಎಂಸಿಗೆ ತಂದ ತೊಗರಿಗೆ ಎಷ್ಟು ಹಣ ಬರಬೇಕೆಂದು ರೈತರಿಗೆ ಲೆಕ್ಕ ಹಾಕಿ ತೋರಿಸುವ ಆ್ಯಪನ್ನು ನಾವು ಕೆಲವರು ಸೇರಿ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸಿ ಸಿದ್ಧಪಡಿಸುತ್ತಿದ್ದೇವೆ. ಖಾಲಿ ಚೀಲದ ತೂಕ ಕಳೆಯುವ ಸಾಲನ್ನು ನಾನು ನನ್ನ ಬ್ರ್ಯಾಂಚಿನಲ್ಲಿ (ಕೋಡಿನ ನನ್ನ ಪ್ರತ್ಯೇಕ ಕವಲಿನಲ್ಲಿ) ‘ಧಾರಣೆ’ ಎಂಬ ಪೈಥಾನ್ ಫೈಲಿಗೆ ಸೇರಿಸಿದೆ. ಅಷ್ಟರಲ್ಲಿ ಗೆಳೆಯರೊಬ್ಬರು ಮೇನ್ ಬ್ರ್ಯಾಂಚಿನಲ್ಲಿ ಆ ಫೈಲನ್ನೇ ಅಳಿಸಿದ್ದಾರೆ. ಮೇನ್ ಅನ್ನು ನನ್ನ ಬ್ರ್ಯಾಂಚಿಗೆ ಮರ್ಜ್ ಮಾಡಿಕೊಂಡರೆ (ಸೇರಿಸಿಕೊಂಡರೆ) ‘ಮಾಡಿಫೈ/ಡಿಲೀಟ್’ ಕಾನ್‌ಫ್ಲಿಕ್ಟ್ (ಘರ್ಷಣೆ) ಬರುತ್ತದೆ, ಆದರೆ ಫೈಲಿನೊಳಗೆ ಘರ್ಷಣೆಯ ಜಾಗ ತೋರಿಸುವ ಎಂದಿನ ಬಾಣದ ಗುರುತುಗಳಿಲ್ಲ. ಏನನ್ನು ತಿದ್ದಬೇಕು?

ಉತ್ತರ: ಶರಣು. ಒಂದು ಕಡೆ ಫೈಲೇ ಇಲ್ಲದ ಕಾರಣ ಹೋಲಿಸಲು ಸಾಲುಗಳಿಲ್ಲ. ಆದ್ದರಿಂದ ಗುರುತುಗಳೂ ಇಲ್ಲ. ನೀವು ತಿದ್ದಿದ ಪ್ರತಿಯನ್ನು ಗಿಟ್ ಹಾಗೆಯೇ ಉಳಿಸಿ, ನಿರ್ಧಾರವನ್ನು ನಿಮಗೆ ಬಿಟ್ಟಿದೆ. ಉಳಿಸಿಕೊಳ್ಳಲು ‘ಗಿಟ್ ಆಡ್’, ತೆಗೆಯಲು ‘ಗಿಟ್ ಆರ್‌ಎಂ’, ಆಮೇಲೆ ಕಮಿಟ್ (ಬದಲಾವಣೆಯನ್ನು ದಾಖಲಿಸುವುದು).

ಆದರೆ ದಯವಿಟ್ಟು ಅವಸರದಲ್ಲಿ ಆಡ್ ಮಾಡಬೇಡಿ. ಫೈಲನ್ನು ಏಕೆ ಅಳಿಸಿದರು ಎಂಬುದನ್ನು ಮೊದಲು ತಿಳಿಯಬೇಕು. ‘ಗಿಟ್ ಲಾಗ್ --ಡಿಫ್-ಫಿಲ್ಟರ್=ಡಿ ಮೇನ್ -- ಧಾರಣೆ.ಪಿವೈ’ ಎಂದರೆ ಅಳಿಸಿದ ಕಮಿಟ್ ಸಿಗುತ್ತದೆ; ‘ಗಿಟ್ ಶೋ’ ಮೂಲಕ ಅದನ್ನು ತೆರೆದರೆ ಅದೇ ಕಮಿಟ್‌ನಲ್ಲಿ ಬೇರೆ ಯಾವ ಫೈಲುಗಳು ಹುಟ್ಟಿವೆ ಎಂಬುದೂ ಕಾಣುತ್ತದೆ. ಹೆಸರನ್ನಷ್ಟೇ ಬದಲಿಸಿದ್ದರೆ, ಹಳೆಯ ಮತ್ತು ಹೊಸ ಫೈಲುಗಳ ಹೋಲಿಕೆ ಶೇ. 50ಕ್ಕಿಂತ ಕಡಿಮೆಯಾಗದಿದ್ದಲ್ಲಿ, ಗಿಟ್ ತಾನೇ ಅದನ್ನು ಗುರುತಿಸಿ ನಿಮ್ಮ ತಿದ್ದುಪಡಿಯನ್ನು ಹೊಸ ಫೈಲಿಗೆ ಒಯ್ಯುತ್ತಿತ್ತು. ನಿಮ್ಮ ಗೆಳೆಯರು ಬಹುಶಃ ಫೈಲನ್ನು ಒಡೆದು ಹಲವು ಫೈಲುಗಳಿಗೆ ಹಂಚಿರಬೇಕು. ಹಾಗಿದ್ದಲ್ಲಿ ಹಳೆಯದನ್ನು ಉಳಿಸಿಕೊಂಡರೆ ಚೀಲದ ತೂಕ ಕಳೆಯುವ ಸಾಲು ಯಾರೂ ಕರೆಯದ ಫೈಲಿನಲ್ಲಿ ಬಿದ್ದಿರುತ್ತದೆ, ಆ್ಯಪ್ ಹೊಸ ಫೈಲಿನ ಲೆಕ್ಕವನ್ನೇ ನಡೆಸುತ್ತದೆ, ಯಾವ ಎರರ್ ಕೂಡ ಬರದೆ ರೈತರಿಗೆ ತಪ್ಪು ಮೊತ್ತ ತೋರುತ್ತದೆ. ‘ಗಿಟ್ ಡಿಫ್ :1:ಧಾರಣೆ.ಪಿವೈ :2:ಧಾರಣೆ.ಪಿವೈ’ ಎಂದು ಕೊಟ್ಟು (1 ಎಂದರೆ ಇಬ್ಬರೂ ಬದಲಿಸುವ ಮೊದಲಿನ ಪ್ರತಿ, 2 ಎಂದರೆ ನಿಮ್ಮ ಪ್ರತಿ) ನಿಮ್ಮ ತಿದ್ದುಪಡಿಯನ್ನಷ್ಟೇ ನೋಡಿಕೊಳ್ಳಿ, ಅದನ್ನು ಹೊಸ ಫೈಲಿನಲ್ಲಿ ಕೈಯಾರೆ ಸೇರಿಸಿ ಆಡ್ ಮಾಡಿ, ಅನಂತರವೇ ಹಳೆಯದನ್ನು ತೆಗೆಯಿರಿ.

ಮರುಪ್ರಶ್ನೆ: ರೀಬೇಸ್ ಮಾಡಿ ನೋಡಿದಾಗ ‘ಡಿಲೀಟೆಡ್ ಬೈ ಅಸ್’ ಎಂದು ಬಂತು. ಅಳಿಸಿದವನು ನಾನಲ್ಲವಲ್ಲ, ಸರ್?

ಉತ್ತರ: ನೀವಲ್ಲ. ರೀಬೇಸ್‌ನಲ್ಲಿ ಗಿಟ್ ಮೇನ್ ಮೇಲೆ ನಿಂತು ನಿಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಹಚ್ಚುವುದರಿಂದ ‘ಅಸ್’ ಎಂದರೆ ಮೇನ್, ‘ದೆಮ್’ ಎಂದರೆ ನೀವು. ಮೇಲಿನ ಡಿಫ್‌ನಲ್ಲಿಯೂ 2ರ ಬದಲು 3 ಎಂದು ಕೊಡಬೇಕು. ಅಳಿಸಿದ ಕಾರಣ ಕಮಿಟ್‌ನಿಂದ ತಿಳಿಯದಿದ್ದರೆ ‘ಗಿಟ್ ರೀಬೇಸ್ --ಅಬಾರ್ಟ್’ ಕೊಟ್ಟು ಮೊದಲಿನ ಸ್ಥಿತಿಗೆ ಮರಳಿ, ಗೆಳೆಯರನ್ನೇ ಕೇಳಿ ಮುಂದುವರಿಯಿರಿ.