ಮಳೆಯಲ್ಲಿ ಮಿಣುಕುವ ಹಳದಿ ದೀಪ: ಇಎಸ್‌ಸಿ ಇರುವ ಸಣ್ಣ ಕಾರು ಓಡಿಸುವವರು ಏನಂತೀರಿ?

ಕೇಳಿದ್ದು, ಹಾಸನದಿಂದ:
ಹತ್ತು ವರ್ಷ ಅಪ್ಪನ ಓಮ್ನಿ ಓಡಿಸಿದವಳು ನಾನು. ಈಗ ಹೊಸ ಸಣ್ಣ ಕಾರು ಬಂದಿದೆ, ಇಎಸ್‌ಸಿ ಇದೆ, ಅಂದರೆ ಕಾರು ಜಾರಿದರೆ ತಾನೇ ಹಿಡಿತಕ್ಕೆ ತರುವ ವ್ಯವಸ್ಥೆ. ತವರು ಕಳಸ. ತಿಂಗಳಿಗೆ ಎರಡು ಸಲ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಹೋಗಿಬರುತ್ತೇನೆ. ಹೋದ ವಾರ ಮಳೆ ಹಿಡಿದಿತ್ತು. ಒಂದು ತಿರುವಿನಲ್ಲಿ ಕಾರು ಜಾರುತ್ತಿರುವ ಚಿತ್ರದ ಹಳದಿ ದೀಪ ಪಟಪಟ ಮಿಣುಕಿತು, ಕಾಲಡಿಯಲ್ಲಿ ಏನೋ ಗರಗರ ಅಂದಿತು. ಪಕ್ಕದಲ್ಲಿದ್ದ ಅಪ್ಪ "ಆ ಬಟನ್ ಆಫ್ ಮಾಡಿ ಓಡಿಸು, ಸುಮ್ನೆ ತಲೆನೋವು" ಅಂದರು. ಆಫ್ ಮಾಡಬೇಕಾ? ಘಾಟಿ ಕಡೆ ಓಡಿಸುವವರು ಹೇಳಿ.

ಮೂಡಿಗೆರೆಯಿಂದ:
ಬೇಡ ಅಕ್ಕ, ಮುಟ್ಟಬೇಡಿ. ದೀಪ ಮಿಣುಕಿದರೆ ಅದು ಕೆಲಸ ಮಾಡುತ್ತಿದೆ ಅಂತ. ಮಿಣುಕದೆ ಹತ್ತಿಕೊಂಡೇ ಇದ್ದರೆ ಮಾತ್ರ ತೋರಿಸಬೇಕು.

ನನಗೆ ಬುದ್ಧಿ ಬಂದದ್ದು ಚಾರ್ಮಾಡಿ ಹತ್ತುವಾಗ. ಮಂಜು, ಎರಡನೇ ಗೇರು, ವೇಗ ಮೂವತ್ತೈದರ ಆಸುಪಾಸು. ಎಡ ತಿರುವಿನೊಳಗೆ ಬಂದ ಮೇಲೆ ನೋಡುತ್ತೇನೆ, ಗುಡ್ಡದ ನೀರು ಕೆಂಪು ಮಣ್ಣು ತಂದು ರಸ್ತೆಗೆಲ್ಲ ಬಳಿದಿದೆ. ಎದುರಿಗೆ ಇಳಿದು ಬರುತ್ತಿರುವ ಬಸ್ಸು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೂ ಕಾರಿನ ಮೂತಿ ಬಸ್ಸಿನ ಕಡೆಗೇ ಹೊರಟಿತು. ಅಷ್ಟರಲ್ಲಿ ಎಡಗಡೆ ಹಿಂದಿನ ಚಕ್ರವನ್ನು ಯಾರೋ ಹಿಡಿದು ಜಗ್ಗಿದ ಹಾಗಾಯಿತು, ಮೂತಿ ಒಳಕ್ಕೆ ಬಂತು. ಆಕ್ಸಿಲೇಟರ್ ಮೇಲೆ ನನ್ನ ಕಾಲು ಇದ್ದ ಹಾಗೇ ಇತ್ತು, ಎಂಜಿನ್ ತಾನಾಗಿ ಸೊರಗಿತ್ತು. ಮುಂದೆ ಗಾಡಿ ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ.

ಸ್ಟೇರಿಂಗ್ ಎಷ್ಟು ತಿರುಗಿದೆ, ಒಂದೊಂದು ಚಕ್ರ ಎಷ್ಟು ವೇಗದಲ್ಲಿದೆ, ಕಾರಿನ ಮೈ ನಿಜವಾಗಿ ಎಷ್ಟು ತಿರುಗುತ್ತಿದೆ, ಇಷ್ಟನ್ನೂ ಅದು ತಾಳೆ ನೋಡುತ್ತಿರುತ್ತದೆ. ತಾಳೆಯಾಗದಿದ್ದರೆ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ನಿಮಗೆ ಕೇಳಿಸಿದ ಗರಗರ ಅದೇ. ನಮ್ಮ ಕಾಲಿನಲ್ಲಿ ಒಂದೇ ಚಕ್ರಕ್ಕೆ ಬ್ರೇಕ್ ಹಿಡಿಯೋಕಾಗುತ್ತಾ ಮಾರಾಯ್ರೆ?

ಚಿಕ್ಕಮಗಳೂರಿನಿಂದ:
ಈ ಇಎಸ್‌ಸಿ ಬಂದದ್ದು 1995ರಲ್ಲಿ, ಮರ್ಸಿಡಿಸ್‌ನ ದೊಡ್ಡ ಕಾರುಗಳಿಗೆ. ಸಣ್ಣ ಕಾರಿಗೆ ಯಾಕೆ ಅಂತ ಆಗ ಎಲ್ಲರೂ ಅಂದುಕೊಂಡಿರಬೇಕು. 1997ರಲ್ಲಿ ಅದೇ ಕಂಪನಿಯ ಸಣ್ಣ ಎ-ಕ್ಲಾಸ್ ಸ್ವೀಡನ್ನಿನ ಪರೀಕ್ಷೆಯಲ್ಲಿ ಮಗುಚಿಬಿತ್ತು. ರಸ್ತೆಗೆ ಮೂಸ್, ಅಂದರೆ ಅಲ್ಲಿನ ದೊಡ್ಡ ಜಿಂಕೆ, ಅಡ್ಡ ಬಂದರೆ ಗಕ್ಕನೆ ತಿರುಗಿಸುತ್ತಾರಲ್ಲ, ಅದರ ಪರೀಕ್ಷೆ. ಆಮೇಲೆ ಆ ಕಾರಿಗೂ ಇದನ್ನು ಹಾಕಿದರು. ನಮ್ಮ ಕಡೆ ಮೂಸ್ ಇಲ್ಲ, ಕಾಟಿ (ಕಾಡುಕೋಣ) ಇದೆ. ಲೆಕ್ಕ ಒಂದೇ ಅಲ್ವಾ?

ಸಕಲೇಶಪುರದಿಂದ:
ನಾನು ಆಫ್ ಮಾಡುತ್ತೇನೆ, ಆದರೆ ತೋಟದ ದಾರಿಯಲ್ಲಿ ಮಾತ್ರ. ಕೆಸರಿನಲ್ಲಿ ಚಕ್ರ ಸುತ್ತಿದ ಕೂಡಲೇ ಅದು ಎಂಜಿನ್ ಶಕ್ತಿ ಕಡಿಮೆ ಮಾಡುತ್ತದೆ. ಆಗ ಗಾಡಿ ಏರು ಹತ್ತುವುದೇ ಇಲ್ಲ, ನಿಂತಲ್ಲೇ ಮುಲುಗುತ್ತದೆ. ಡಾಂಬರು ಸಿಕ್ಕಿದ ತಕ್ಷಣ ಆನ್. ಮರೆತರೂ ಹೆಚ್ಚಿನ ಕಾರುಗಳಲ್ಲಿ ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ತಾನೇ ಆನ್ ಆಗಿರುತ್ತದೆ. ಕೆಲವು ಕಾರಲ್ಲಿ ಬಟನ್ನೇ ಇರಲ್ಲ.

ಅಪ್ಪನ ಪಾಠ ಇನ್ನೊಂದು ಇರಬಹುದು ನೋಡಿ: ಬ್ರೇಕನ್ನು ಬಿಟ್ಟು ಬಿಟ್ಟು ಒತ್ತು ಅಂತ. ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಇಲ್ಲದ ಓಮ್ನಿಗೆ ಅದು ಸರಿ. ಈ ಕಾರಿನಲ್ಲಿ ಒಮ್ಮೆಗೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ತಡತಡ ಅಂತ ಕಾಲಿಗೆ ಹೊಡೆಯುತ್ತದೆ, ಹೆದರಿ ಬಿಡಬೇಡಿ. ಘಾಟಿ ಇಳಿಯುವಾಗ ಮಾತ್ರ ಹಳೆ ಪಾಠವೇ: ಹತ್ತಿದ ಗೇರಿನಲ್ಲೇ ಇಳಿಯಿರಿ.

ಹಾಸನದಿಂದ, ಇನ್ನೊಬ್ಬರು:
ಎಲ್ಲರೂ ಹೊಗಳಿದ್ದೀರಿ, ಟೈರಿನ ಮಾತೇ ಇಲ್ಲ! ಇಎಸ್‌ಸಿ ಹಾಕುವ ಬ್ರೇಕ್ ಕೂಡ ಟೈರಿನ ಹಿಡಿತದ ಮೇಲೇ ನಿಂತಿದೆ. ಟೈರಿನ ಹೂವು (ಮೇಲಿನ ಗೆರೆಗಳ ಆಳ) 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಲೆಕ್ಕದಲ್ಲೇ ಟೈರ್ ಮುಗಿಯಿತು, ಮಲೆನಾಡಿನ ಮಳೆಗೆ ಅದಕ್ಕಿಂತ ಮೊದಲೇ ಬದಲಾಯಿಸಿ. ನಾಲ್ಕೂ ಒಂದೇ ಅಳತೆ ಇರಲಿ, ಇಲ್ಲದಿದ್ದರೆ ಚಕ್ರದ ವೇಗದ ಲೆಕ್ಕ ತಪ್ಪುತ್ತದೆ.

ನನ್ನ ಕಾರಲ್ಲಿ ದೀಪ ಹತ್ತಿಕೊಂಡೇ ಇತ್ತು. ಒಂದು ವರ್ಕ್‌ಶಾಪಿನಲ್ಲಿ "ಇಡೀ ಎಬಿಎಸ್ ಯೂನಿಟ್ ಹೋಗಿದೆ" ಅಂದರು. ನಮ್ಮ ಬೀದಿಯ ಮೆಕ್ಯಾನಿಕ್ ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿ ನಕ್ಕ. ಸೆನ್ಸರ್ ವೈರನ್ನು ಇಲಿ ಕಡಿದಿತ್ತು.

ಕೇಳಿದವರು:
ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಕಾಟಿ ವಿಷಯಕ್ಕೆ ಮಾತ್ರ ತಲೆ ಆಡಿಸಿದರು. ಟೈರ್ ನೋಡಿಸಿದೆ, ಚೆನ್ನಾಗಿವೆ. ಶನಿವಾರ ಹೊರಡುತ್ತೇನೆ. ಕೊಟ್ಟಿಗೆಹಾರದ ಹತ್ತಿರ ಮಂಜು ಹೇಗಿದೆ?

ಮೂಡಿಗೆರೆಯಿಂದ:
ಬೆಳಗ್ಗೆ ಏನೂ ಕಾಣಲ್ಲ ಅಕ್ಕ. ಹತ್ತು ಗಂಟೆ ಮೇಲೆ ಬನ್ನಿ.