ಸಹಾಯ ಬೇಕು: ಎಂಮ್ಯಾಪ್ (ಡ್ರೈವರಿನ ಮೆಮೊರಿಯನ್ನು ಪ್ರೋಗ್ರಾಮಿಗೆ ಕಾಣುವಂತೆ ಜೋಡಿಸುವುದು) ಮಾಡಿದರೆ ಎರಡನೇ ಬಫರ್ ಸಿಗುತ್ತಿಲ್ಲ

ನಮಸ್ಕಾರ, ಮಂಡ್ಯದಿಂದ ಬರೆಯುತ್ತಿದ್ದೇನೆ. ಲಿನಕ್ಸ್ ಕರ್ನಲ್ ಗೊತ್ತಿರುವವರು ಸ್ವಲ್ಪ ನೋಡಿ, ಮೂರು ರಾತ್ರಿಯಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ.

ಒಂದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿಗೆ ಡ್ರೈವರ್ ಬರೆದಿದ್ದೇನೆ. ಮೆಮೊರಿಯಲ್ಲಿ 64 ಕೆಬಿಯ ಎರಡು ಬಫರ್, ಎರಡೂ ಕಾರ್ಡ್, ಸಿಪಿಯು ಎರಡೂ ಹಂಚಿಕೊಳ್ಳುವ ಮೆಮೊರಿ ಕೊಡುವ ಡಿಎಂಎ_ಅಲಾಕ್_ಕೊಹೆರೆಂಟ್‌ನಿಂದ ತಗೊಂಡದ್ದು. ಮೊದಲು ವರ್ಟ್_ಟು_ಫಿಸ್ (ಕರ್ನಲ್ ವಿಳಾಸದಿಂದ ಭೌತಿಕ ವಿಳಾಸ ತೆಗೆಯುವ ಫಂಕ್ಷನ್) ಹಾಕಿ, ಬಂದದ್ದನ್ನು ಪ್ರೋಗ್ರಾಮಿಗೆ ಜೋಡಿಸುವ ರೀಮ್ಯಾಪ್_ಪಿಎಫ್‌ಎನ್_ರೇಂಜ್‌ಗೆ ಕೊಟ್ಟಿದ್ದೆ. ಮನೆಯ ಪಿಸಿಯಲ್ಲಿ ಚೆನ್ನಾಗಿ ಓಡಿತು, ಆರ್ಮ್ ಬೋರ್ಡಿನಲ್ಲಿ ಮಾತ್ರ ಬರೀ ಸೊನ್ನೆ. ಡಿಎಂಎ_ಅಲಾಕ್_ಕೊಹೆರೆಂಟ್ ಕೊಟ್ಟ ವಿಳಾಸಕ್ಕೆ ವರ್ಟ್_ಟು_ಫಿಸ್ ಬಳಸಲೇಬಾರದು ಅಂತ ಆಮೇಲೆ ತಿಳಿಯಿತು, ತಪ್ಪು ನನ್ನದೇ.

ಈಗ ಅದರ ಬದಲು ಇಂಥ ಬಫರನ್ನು ಎಂಮ್ಯಾಪ್ ಮಾಡಲೆಂದೇ ಇರುವ ಡಿಎಂಎ_ಎಂಮ್ಯಾಪ್_ಕೊಹೆರೆಂಟ್ ಹಾಕಿದ್ದೇನೆ. ಮೊದಲ ಬಫರ್ ಸಲೀಸಾಗಿ ಬರುತ್ತದೆ. ಎರಡನೆಯದಕ್ಕೆ ಪ್ರೋಗ್ರಾಮ್‌ನಿಂದ 65536 ಬೈಟ್ ಆಫ್‌ಸೆಟ್ (ಎಷ್ಟು ದೂರದಿಂದ ಶುರು ಅನ್ನುವುದು) ಕಳಿಸಿದರೆ ಇಎನ್‌ಎಕ್ಸ್‌ಐಒ (ಅಂಥ ಸಾಧನ ಅಥವಾ ವಿಳಾಸ ಇಲ್ಲ) ಎರರ್. ಪ್ರಿಂಟ್‌ಕೆ (ಕರ್ನಲ್ ಲಾಗಿಗೆ ಬರೆಯುವ ಫಂಕ್ಷನ್) ಹಾಕಿ ನೋಡಿದೆ, ವಿಎಂ_ಪಿಜಿಆಫ್ (ಅದೇ ಆಫ್‌ಸೆಟ್, ಪೇಜ್ ಲೆಕ್ಕದಲ್ಲಿ) 16 ಅಂತ ಬಂತು. ಪೇಜ್ 4096 ಬೈಟ್ ಅಲ್ವಾ, ಲೆಕ್ಕ ಸರಿಯೇ. ಆದರೆ ಡಿಎಂಎ_ಎಂಮ್ಯಾಪ್_ಕೊಹೆರೆಂಟ್ ಆ 16ನ್ನು ಬಫರಿನ ಒಳಗಿನ ಪೇಜ್ ನಂಬರ್ ಅಂದುಕೊಳ್ಳುತ್ತಿರುವ ಹಾಗಿದೆ, ಒಳಗಿರುವುದೇ 0ರಿಂದ 15.

ಆ ಫಂಕ್ಷನ್ ಕರೆಯುವ ಮುಂಚೆ ವಿಎಂ_ಪಿಜಿಆಫ್ ಸೊನ್ನೆ ಮಾಡಿ, ಆಮೇಲೆ ಹಳೆಯ ನಂಬರನ್ನೇ ವಾಪಸ್ ಇಟ್ಟರೆ ನಡೆಯುತ್ತದಾ? ಸುಮ್ನೆ ತೇಪೆ ಹಾಕಿದ ಹಾಗಾಗುತ್ತದೇನೋ ಅಂತ ಅಳುಕು. ಮೈಸೂರಿನವರು ಯಾರಾದರೂ ಬಿಡುವಿದ್ದರೆ ಹೇಳಿ, ಭಾನುವಾರ ಬೋರ್ಡ್ ಹಿಡಿದು ರೈಲು ಹತ್ತುತ್ತೇನೆ, ದೋಸೆ ಕಾಫಿ ನನ್ನ ಖರ್ಚು.