ಅಪ್‌ಡೇಟ್: ಆ ಅಗ್ಗದ ವಿಂಡೋಸ್ ಕೀ ಏನಾಯ್ತು?

ವಿಂಡೋಸ್ ಕೀಯನ್ನು, ಅಂದರೆ ವಿಂಡೋಸ್ ಆಕ್ಟಿವೇಟ್ ಮಾಡುವ ಪರವಾನಗಿ ಕೋಡನ್ನು, ಮಾಮೂಲಿ ಬೆಲೆಯ ಹತ್ತನೇ ಒಂದು ಭಾಗಕ್ಕೆ ಮಾರುವ ಆನ್‌ಲೈನ್ ಅಂಗಡಿಯನ್ನು ನಂಬಬಹುದಾ ಅಂತ ಕೇಳಿದ್ದೆ. ಬೇಡ ಅಂದವರೇ ಜಾಸ್ತಿ. ಆದರೂ ಕೊಂಡೆ. ಆಸೆ, ಅಲ್ವಾ!

ಕೀ ಸಲೀಸಾಗಿ ಆಕ್ಟಿವೇಟ್ ಆಯಿತು. ಆಮೇಲೆ ನೀವು ಹೇಳಿದಂತೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎಸ್‌ಎಲ್‌ಎಂಜಿಆರ್ /ಡಿಎಲ್‌ಐ’ (slmgr /dli) ಅನ್ನುವ, ಕೀ ಯಾವ ಬಗೆಯದು ಅಂತ ತೋರಿಸುವ ಆದೇಶ ಕೊಟ್ಟು ನೋಡಿದೆ. ರಿಟೇಲ್ (ಬಿಡಿ ಮಾರಾಟದ್ದು) ಅಂತ ಇರಬೇಕಾದ ಕಡೆ ವಾಲ್ಯೂಮ್ ಎಂಎಕೆ ಅಂತಿತ್ತು. ಅಂದರೆ ಯಾವುದೋ ಸಂಸ್ಥೆ ತನ್ನ ಕಂಪ್ಯೂಟರ್‌ಗಳಿಗೆಂದು ಪಡೆದ ಕೀ. ಬಿಡಿಯಾಗಿ ಮಾರುವಂತಿಲ್ಲ. ಇಂಥ ಕೀಗೆ ಇಷ್ಟೇ ಸಲ ಆಕ್ಟಿವೇಟ್ ಮಾಡಬಹುದು ಅನ್ನುವ ಮಿತಿಯೂ ಇರುತ್ತದೆ. ಇನ್ನೆಷ್ಟು ಜನರಿಗೆ ಮಾರಿದ್ದಾರೋ!

ಆ ಅಂಗಡಿ ಸೈಟಿನ ಡೊಮೇನ್ (ವೆಬ್ ವಿಳಾಸ) ನೋಂದಣಿಯಾಗಿ ಎರಡೇ ತಿಂಗಳು. ಮುಖಪುಟದಲ್ಲಿ ಮಾತ್ರ ‘ಹತ್ತು ವರ್ಷದ ಸೇವೆ’! ಇದನ್ನು ಮೊದಲೇ ನೋಡಬಹುದಿತ್ತು.

ಅಂಗಡಿಯವರಿಗೆ ಮೂರು ಮೇಲ್ ಹಾಕಿದೆ, ಉತ್ತರವಿಲ್ಲ. ಕಾರ್ಡಿನಲ್ಲಿ ಕಟ್ಟಿದ್ದರಿಂದ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ (ಕಟ್ಟಿದ ದುಡ್ಡು ವಾಪಸ್ ಕೊಡಿಸಿ ಅನ್ನುವ) ಅರ್ಜಿ ಕೊಟ್ಟಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.